ರಿಪೋರ್ಟ್ ಎಲ್ಲಾ ನಾರ್ಮಲ್, ಆದರೂ ಮಗಳಿಗೆ ಕಣ್ಣು ಕಾಣುತ್ತಿಲ್ಲ



ಈ ಮಾಲಿಕೆಯಲ್ಲಿ ಇದುವರೆಗೆ ಬಿ.ಪಿ., ಕೊಲೆಸ್ಟರಾಲ್, ಸ್ಟೆಂಟ್ ಎಂದು ನನ್ನ ಅಂಗಡಿಯ ಸಾಮಾನನ್ನೇ ನಿಮಗೆ ಕೊಡುತ್ತಾ ಬಂದಿದ್ದೇನೆ. ಇವತ್ತು ಕಣ್ಣಿನ ವಿಷಯ. ಹೃದಯದ ಡಾಕ್ಟರಿಗೆ ಕಣ್ಣಿನ ಉಸಾಬರಿ ಏಕೆ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಇದ್ದಕ್ಕಿದ್ದಂತೆ ಕಣ್ಣು ಕಾಣದಾದವರನ್ನು ನಮ್ಮ ಹತ್ತಿರವೂ ಕಳಿಸುತ್ತಾರೆ. ಹೃದಯದಲ್ಲಿ ಅಥವಾ ಕತ್ತಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತದ ಚೂರೊಂದು ಹರಿದು ಹೋಗಿ ಕಣ್ಣಿನಲ್ಲೋ ಮಿದುಳಿನಲ್ಲೋ ಕೂತಿದೆಯೇ ಎಂದು ಹುಡುಕುವುದು ನಮ್ಮ ಕೆಲಸ.

ಹಾಗೆ ಬಂದವಳು ಡೊಂಬಿವಲಿ ಪೂರ್ವದ ಒಬ್ಬ ಹುಡುಗಿ, ಒಂಬತ್ತನೇ ಕ್ಲಾಸು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಊರು ಉಡುಪಿ ಕಡೆ. ತಂದೆ ಠಾಣೆಯ ಒಂದು ಹೋಟೆಲಿನಲ್ಲಿ ಕ್ಯಾಷಿಯರ್. ಬೆಳಿಗ್ಗೆ ಐದೂವರೆಯ ಲೋಕಲ್ ಹಿಡಿದರೆ ರಾತ್ರಿ ಮನೆ ಸೇರುವಾಗ ಹತ್ತೂವರೆ. ಒಂದು ಸೋಮವಾರ ಬೆಳಿಗ್ಗೆ ಹುಡುಗಿ ಎದ್ದು, "ಅಮ್ಮಾ, ಲೈಟ್ ಹಾಕು" ಎಂದಳಂತೆ. ಲೈಟ್ ಉರಿಯುತ್ತಲೇ ಇತ್ತು.

ಅಲ್ಲಿಂದ ನಾಲ್ಕು ದಿನ ಓಡಾಟ. ಕಣ್ಣಿನ ಡಾಕ್ಟರು ಒಳಪೊರೆ ನೋಡಿದರು, ನಾರ್ಮಲ್. ಎಂ.ಆರ್.ಐ. ಆಯಿತು, ನಾರ್ಮಲ್. ರಕ್ತ ಪರೀಕ್ಷೆ ನಾರ್ಮಲ್. ಕೊನೆಗೆ ಎಕೋ ಮಾಡಿಸಲು ನನ್ನಲ್ಲಿಗೆ ಬಂದರು. ಅದೂ ನಾರ್ಮಲ್. ಅಷ್ಟರಲ್ಲಿ ಊರಿನಿಂದ ಅಜ್ಜಿಯ ಫೋನು ಬಂದಿತ್ತು. ದೃಷ್ಟಿ ತಾಗಿದೆ, ದೈವದ ಹತ್ತಿರ ಕೇಳಿಸಬೇಕು, ಹುಡುಗಿಯನ್ನು ಕರೆದುಕೊಂಡು ಬನ್ನಿ ಎಂದು. ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ನೋಡುತ್ತಿದ್ದರು.

ಎಕೋ ಮುಗಿಸಿ ಹುಡುಗಿ ಮಂಚದಿಂದ ಇಳಿದಳು. ತಾಯಿಯ ಕೈ ಹಿಡಿದು ಬಾಗಿಲ ಕಡೆ ನಡೆದಳು. ದಾರಿಯಲ್ಲಿ ನನ್ನ ಸ್ಟೂಲ್ ಇತ್ತು. ಅದರ ಹತ್ತಿರ ಬಂದಾಗ ಅವಳ ಹೆಜ್ಜೆ ಸ್ವಲ್ಪ ಎಡಕ್ಕೆ ಸರಿಯಿತು. ಸ್ಟೂಲ್ ತಾಗಲಿಲ್ಲ. ನಾನು ನೋಡಿದೆ, ಅವಳ ತಂದೆಯೂ ನೋಡಿದರು. ಅವಳು ಹೊರಗೆ ಹೋದ ಮೇಲೆ ಅವರು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, "ನೋಡಿದ್ರಾ ಡಾಕ್ಟ್ರೇ? ಸ್ಟೂಲ್ ತಪ್ಪಿಸಿಕೊಂಡು ಹೋದಳು. ಕಾಣ್ತದೆ ಅವಳಿಗೆ. ನಾಲ್ಕು ದಿನದಿಂದ ನಾಟಕ ಮಾಡ್ತಿದ್ದಾಳೆ" ಎಂದರು. ಅವರ ಧ್ವನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಸುಸ್ತು ಇತ್ತು.

ಅವರ ಲೆಕ್ಕ ಸರಳ. ಕಾಣುತ್ತದೆ ಎಂದಾದರೆ ಸುಳ್ಳು, ಕಾಣುವುದಿಲ್ಲ ಎಂದಾದರೆ ರೋಗ. ನಮ್ಮಲ್ಲಿ ನೂರಕ್ಕೆ ತೊಂಬತ್ತು ಮನೆಗಳಲ್ಲಿ ಇದೇ ಲೆಕ್ಕ ಹಾಕುತ್ತಾರೆ. ಎಷ್ಟೋ ಡಾಕ್ಟರುಗಳೂ ಹಾಕುತ್ತಾರೆ. ಈ ಲೆಕ್ಕ ತಪ್ಪು ಎಂದು ಹೇಳುವುದಕ್ಕೆ ಅರವತ್ತು ವರ್ಷಕ್ಕೂ ಹಿಂದಿನ ಒಂದು ಪ್ರಯೋಗದ ಕಥೆ ಬೇಕು. ಅದಕ್ಕೆ ಮೊದಲು, ದಯವಿಟ್ಟು ಈ ಕೆಳಗಿನದನ್ನು ಓದಿ. ಲೇಖನದ ಉಳಿದ ಭಾಗ ಮರೆತರೂ ಇದನ್ನು ಮರೆಯಬೇಡಿ.

*ಇದ್ದಕ್ಕಿದ್ದಂತೆ ಕಣ್ಣು ಕಾಣದಿದ್ದರೆ "ಟೆನ್ಷನ್" ಎಂದು ಮನೆಯಲ್ಲಿ ತೀರ್ಮಾನ ಮಾಡಬೇಡಿ.* ನೋವಿಲ್ಲದೆ ಒಂದು ಕಣ್ಣು ತಟ್ಟನೆ ಕತ್ತಲಾದರೆ ಅದು ಕಣ್ಣಿನ ಪಾರ್ಶ್ವವಾಯು ಇರಬಹುದು, ಅಲ್ಲಿ ಗಂಟೆಗಳ ಲೆಕ್ಕ. ಒಂದು ಕಣ್ಣಿಗೆ ಪರದೆ ಇಳಿದ ಹಾಗಾಗಿ ಐದು ಹತ್ತು ನಿಮಿಷದಲ್ಲಿ ಸರಿಹೋದರೆ 'ಸರಿಹೋಯಿತಲ್ಲ' ಎಂದು ಡ್ಯೂಟಿಗೆ ಹೋಗಬೇಡಿ. ಮುಂದೆ ಬರಲಿರುವ ಸ್ಟ್ರೋಕಿನ ಎಚ್ಚರಿಕೆಯ ಗಂಟೆ ಅದಾಗಿರಬಹುದು. ಕಣ್ಣು ಹೊರಳಿಸಿದಾಗ ನೋವು, ತಲೆನೋವು, ಮಾತು ತೊದಲುವುದು, ಕೈಕಾಲು ಬಲಹೀನ, ಗರ್ಭಿಣಿಗೆ ಬಿ.ಪಿ. ಏರಿ ಕಣ್ಣು ಮಂಜಾಗುವುದು, ಕಳ್ಳಭಟ್ಟಿ ಕುಡಿದ ಮೇಲೆ ಕಣ್ಣು ಮಂಜಾಗುವುದು, ಇವೆಲ್ಲ ತುರ್ತು. 108ಕ್ಕೆ ಫೋನ್ ಮಾಡಿ, ಇಲ್ಲವೇ ರಿಕ್ಷಾ ಹಿಡಿದು ದೊಡ್ಡ ಆಸ್ಪತ್ರೆಗೆ ಹೋಗಿ. ಮಿದುಳಿನ ಹಿಂಭಾಗಕ್ಕೆ ಸ್ಟ್ರೋಕ್ ಆದಾಗ ಕಣ್ಣಿನ ಪರೀಕ್ಷೆ ಪೂರ್ತಿ ನಾರ್ಮಲ್ ಇರುತ್ತದೆ, ರೋಗಿಗೆ ಮಾತ್ರ ಏನೂ ಕಾಣುವುದಿಲ್ಲ. ಕಣ್ಣಿನ ನರದ ಹಿಂಭಾಗದಲ್ಲಿ ಉರಿಯೂತ ಆದಾಗಲೂ ಮೊದಮೊದಲು ಒಳಪೊರೆ ಚೆನ್ನಾಗಿಯೇ ಕಾಣಬಹುದು. ಹಾಗಾಗಿ ಒಂದೇ ಒಂದು ನಾರ್ಮಲ್ ರಿಪೋರ್ಟ್ ನೋಡಿ ಮನಸ್ಸಿನ ಕಾಯಿಲೆ ಎನ್ನುವಂತಿಲ್ಲ.

ಈಗ ಕಥೆಗೆ ಬರೋಣ.

ಅಮೆರಿಕದ ಇಂಡಿಯಾನಾಪೊಲಿಸ್. ನಲವತ್ತು ವರ್ಷದ ಒಬ್ಬ ಗಂಡಸು ಹೆಂಡತಿ ಮತ್ತು ಅತ್ತೆಯ ಜೊತೆ ಅಂಗಡಿಗೆ ಸಾಮಾನು ತರಲು ಹೋಗಿದ್ದಾಗ ತಟ್ಟನೆ ಎರಡೂ ಕಣ್ಣು ಕಾಣದಾದವು. ಎರಡು ವರ್ಷ ಹಾಗೆಯೇ ಇದ್ದ. ಕಣ್ಣಿನಲ್ಲಿ, ನರದಲ್ಲಿ ಯಾರಿಗೂ ದೋಷ ಸಿಗಲಿಲ್ಲ. ಆಗಿನ ಕಾಲದಲ್ಲಿ ಇದಕ್ಕೆ ಹಿಸ್ಟೀರಿಯಾದ ಕುರುಡು ಎಂಬ ಹೆಸರಿತ್ತು. ಫ್ರಾಯ್ಡ್ ಪಂಥದವರು ಇಂಥ ರೋಗಿಯನ್ನು ಮಲಗಿಸಿ ಬಾಲ್ಯದ ಕಥೆ ಕೇಳುತ್ತಿದ್ದರು. ಜಾನ್ ಪಾಲ್ ಬ್ರೇಡಿ ಮತ್ತು ಡೆಟ್ಲೆವ್ ಲಿಂಡ್ ಎಂಬ ಇಬ್ಬರು ಬೇರೆ ದಾರಿ ಹಿಡಿದರು. ಇಲಿ, ಪಾರಿವಾಳಗಳ ಮೇಲೆ ಸ್ಕಿನ್ನರ್ ಮಾಡಿದ್ದ ಪ್ರಯೋಗಗಳು ನಿಮಗೆ ಶಾಲೆಯ ಪುಸ್ತಕದಿಂದ ನೆನಪಿರಬಹುದು. ಸನ್ನೆ ಒತ್ತಿದರೆ ಕಾಳು ಸಿಗುತ್ತದೆ, ಕಾಳು ಸಿಕ್ಕಿದ್ದಕ್ಕೆ ಮತ್ತೆ ಒತ್ತುತ್ತದೆ. ಯಾವ ನಡವಳಿಕೆಗೆ ಪ್ರತಿಫಲ ಸಿಗುತ್ತದೋ ಅದು ಬೆಳೆಯುತ್ತದೆ. ಇದೇ ವಿಧಾನವನ್ನು ಅವರು ಈ ರೋಗಿಗೆ ಅನ್ವಯಿಸಿದರು. 1961ರಲ್ಲಿ ಅದು ಪ್ರಕಟವಾಯಿತು.

ಒಂದು ಚಿಕ್ಕ ಕೋಣೆ, ಒಂದು ಗುಂಡಿ. ಅರ್ಧ ಗಂಟೆ ಕೂರಬೇಕು. ಒಮ್ಮೆ ಗುಂಡಿ ಒತ್ತಿದ ಮೇಲೆ 18ರಿಂದ 21 ಸೆಕೆಂಡಿನ ಒಳಗೆ ಮತ್ತೆ ಒತ್ತಬೇಕು. ಬೇಗ ಒತ್ತಿದರೆ ಅಂಕ ಇಲ್ಲ, ತಡವಾದರೂ ಇಲ್ಲ. ಸರಿಯಾದರೆ ಶಬ್ದ ಬರುತ್ತದೆ, ಅಂಕ ಸಿಗುತ್ತದೆ. ಅಂಕ ಏರಿದರೆ ಹೊಗಳಿಕೆ, ಆಸ್ಪತ್ರೆಯಲ್ಲಿ ಸಣ್ಣಪುಟ್ಟ ಸೌಲಭ್ಯ. ಕಣ್ಣಿನ ಮಾತೇ ಇಲ್ಲ. ಸಮಯದ ಅಂದಾಜು ಅಷ್ಟೇ. ನೀವೂ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಎಣಿಸಿ ನೋಡಿ, ಹದಿನೆಂಟಕ್ಕೂ ಇಪ್ಪತ್ತೊಂದಕ್ಕೂ ನಡುವೆ ಒತ್ತುವುದು ಎಷ್ಟು ಕಷ್ಟ ಎಂದು ಗೊತ್ತಾಗುತ್ತದೆ.

ರೋಗಿಗೆ ಅಭ್ಯಾಸವಾಗಿ ಅಂಕ ಒಂದು ಮಟ್ಟಕ್ಕೆ ಬಂದು ನಿಂತಿತು. ಆಮೇಲೆ ಕೋಣೆಗೆ ಒಂದು ಬಲ್ಬ್ ಸೇರಿಸಿದರು. ಸರಿಯಾದ ಸಮಯ ಬಂದಾಗ ಅದು ಬೆಳಗುತ್ತದೆ. ನಿಜವಾಗಿ ಕುರುಡನಾದವನಿಗೆ ಈ ಬಲ್ಬ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಂಕ ಹಿಂದಿನಷ್ಟೇ ಇರಬೇಕು. ಕಣ್ಣು ಕಾಣುವವನಿಗೆ ಇದು ಕಾಪಿ ಚೀಟಿ ಸಿಕ್ಕ ಹಾಗೆ, ಅಂಕ ಜಿಗಿಯಬೇಕು.

ಎರಡೂ ಆಗಲಿಲ್ಲ. ಅಂಕ ಕೆಳಗೆ ಬಿತ್ತು.

ಈ ಸಾಲಿನ ಹತ್ತಿರ ಸ್ವಲ್ಪ ನಿಲ್ಲಿ. ಬಲ್ಬ್ ಇಲ್ಲದಾಗ ಮಾಡುತ್ತಿದ್ದ ಕೆಲಸವನ್ನೂ ಅವನು ಬಲ್ಬ್ ಬಂದ ಮೇಲೆ ಮಾಡಲಾರದಾದ. ಬೆಳಕು ಹೊತ್ತಿದಾಗ ಅವನ ಬೆರಳು ಹಿಂಜರಿಯುತ್ತಿತ್ತು. ಅಂದರೆ ಬೆಳಕು ಒಳಗೆ ತಲುಪುತ್ತಿದೆ, ಒಳಗಿನ ಯಾವುದೋ ಒಂದು ಶಕ್ತಿ ಅದನ್ನು ಹೊರದೂಡುತ್ತಿದೆ. ಪ್ರಯೋಗ ಮುಂದುವರಿಯಿತು. ಪ್ರತಿಫಲ ಅದೇ, ಕೋಣೆ ಅದೇ, ಬೈಗುಳವಿಲ್ಲ, 'ಸಿಕ್ಕಿಬಿದ್ದೆ' ಎಂಬ ಮಾತಿಲ್ಲ. ಕೆಲವು ದಿನಗಳಲ್ಲಿ ಅಂಕ ಏರತೊಡಗಿತು. ಒಂದು ದಿನ ಅವನೇ ತನಗೆ ಬೆಳಕು ಕಾಣುತ್ತಿದೆ ಎಂದ. ಆಮೇಲೆ ಆಕಾರಗಳ ನಡುವಿನ ವ್ಯತ್ಯಾಸ ಗುರುತಿಸುವ ಪಾಠ ಶುರುವಾಯಿತು, ದೃಷ್ಟಿ ಮರಳಿತು.

ಇಲ್ಲಿಗೇ ನಿಲ್ಲಿಸಿದರೆ ಇದು ಒಳ್ಳೆಯ ಫಾರ್ವರ್ಡ್ ಆಗುತ್ತದೆ, ಆದರೆ ಅರ್ಧ ಸತ್ಯವಾಗುತ್ತದೆ. ಸ್ವಲ್ಪ ಕಾಲದ ಬಳಿಕ ಅದೇ ಮನುಷ್ಯ ಮತ್ತೆ ತನಗೆ ಕಾಣುತ್ತಿಲ್ಲ ಎಂದ. ಗ್ರಾಸ್ ಮತ್ತು ಝಿಮರ್‌ಮನ್ ಎಂಬ ಇನ್ನಿಬ್ಬರು ಅವನನ್ನು ಪರೀಕ್ಷಿಸಿ 1965ರಲ್ಲಿ ವರದಿ ಬರೆದರು. ಈ ಸಲ ಮೂರು ಕಿಟಕಿ. ಮೂರರಲ್ಲೂ ತ್ರಿಕೋನ, ಎರಡು ನೇರ, ಒಂದು ತಲೆಕೆಳಗು. ತಲೆಕೆಳಗಾದದ್ದರ ಕೆಳಗಿನ ಗುಂಡಿ ಒತ್ತಬೇಕು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಒತ್ತಿದರೂ ಮೂರಕ್ಕೆ ಒಂದರಂತೆ ನೂರಕ್ಕೆ ಮೂವತ್ತಮೂರು ಸರಿಯಾಗಲೇಬೇಕಲ್ಲ? ಇವನದು ಅದಕ್ಕಿಂತ ಎಷ್ಟೋ ಕಡಿಮೆ ಬಂತು.

ಹೌಸಿಯಲ್ಲಿ ಅದೃಷ್ಟ ಕೈಕೊಡುವುದು ಬೇರೆ. ಸರಿಯುತ್ತರವನ್ನು ಮತ್ತೆ ಮತ್ತೆ, ತಪ್ಪದೆ ತಪ್ಪಿಸಬೇಕಾದರೆ ಸರಿಯುತ್ತರ ಎಲ್ಲಿದೆ ಎಂದು ಒಳಗೆ ಎಲ್ಲೋ ಗೊತ್ತಿರಬೇಕು. ಆಮೇಲೆ ಪ್ರಯೋಗಕಾರರು ಒಬ್ಬರ ಮೂಲಕ ಅವನ ಕಿವಿಗೆ ಒಂದು ಮಾತು ಹಾಕಿಸಿದರು. ನಿನಗೆ ಕಾಣುತ್ತದೆ ಎಂದು ಡಾಕ್ಟರುಗಳಿಗೆ ಅನಿಸಿದೆ, ನಿಜವಾದ ಕುರುಡನಿಗೆ ಇದಕ್ಕಿಂತ ಹೆಚ್ಚು ಸರಿ ಬರುತ್ತದಂತೆ ಎಂದು. ಮುಂದಿನ ಪರೀಕ್ಷೆಗಳಲ್ಲಿ ಅವನ ಅಂಕ ಕುರುಡನಿಗೆ ಬರಬೇಕಾದ ಮಟ್ಟದ ಹತ್ತಿರಕ್ಕೆ ಬಂತು!

ನಗು ಬರುತ್ತದೆ, ಅಲ್ಲವೇ? ಓದಿದಾಗ ನನಗೂ ಬಂದಿತ್ತು. ಹುಡುಗಿಯ ತಂದೆ ಇಲ್ಲಿದ್ದಿದ್ದರೆ 'ಸಿಕ್ಕಿಬಿದ್ದನಲ್ಲ ಕಳ್ಳ' ಎನ್ನುತ್ತಿದ್ದರು. ಹಾಗೆ ಹೇಳಿದ ತಜ್ಞರೂ ಇದ್ದಾರೆ, ಚರ್ಚೆ ಇನ್ನೂ ಮುಗಿದಿಲ್ಲ. ನನ್ನ ಅಭಿಪ್ರಾಯ ಬೇರೆ. ಈ ಪರೀಕ್ಷೆಗಳು ಹೇಳುವುದು ಒಂದೇ ಮಾತು, ಬೆಳಕಿನ ಸುದ್ದಿ ಮಿದುಳನ್ನು ತಲುಪಿದೆ. ತಲುಪಿದ್ದು ಆ ಮನುಷ್ಯನ ಅರಿವಿಗೆ ಬಂದಿದೆಯೇ, ಅವನು ಬೇಕೆಂದೇ ಮುಚ್ಚಿಡುತ್ತಿದ್ದಾನೆಯೇ ಎಂಬುದನ್ನು ಅಂಕದ ಪಟ್ಟಿ ಹೇಳಲಾರದು. 1973ರಲ್ಲಿ ಥಿಯೊಡೋರ್ ಮತ್ತು ಮ್ಯಾಂಡೆಲ್‌ಕಾರ್ನ್ ಹದಿನಾರು ವರ್ಷದ ಒಬ್ಬ ಹುಡುಗಿಯ ಬಗ್ಗೆ ಬರೆದರು. ಅವಳಿಗೆ ನೇರ ಎದುರಿನದು ಕಾಣುತ್ತಿತ್ತು, ಪಕ್ಕದ್ದು ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಬೆಳಕು ತೋರಿಸಿ, ಮೊದಲ ಸಲ ಹೊತ್ತಿತೋ ಎರಡನೇ ಸಲವೋ ಎಂದು ಕೇಳಿದರು. ಊಹಿಸಿದರೂ ಅರ್ಧ ಸರಿಯಾಗಬೇಕಿತ್ತು. ಅವಳದೂ ಅರ್ಧಕ್ಕಿಂತ ಕಡಿಮೆ. ಇಂಥವರಿಗೆ ಚಿಕಿತ್ಸೆ ಬೇಕೇ, ಬೈಗುಳ ಬೇಕೇ ಎಂಬ ಪ್ರಶ್ನೆಗೆ ಅಂಕಗಳಲ್ಲಿ ಉತ್ತರ ಇಲ್ಲ.

ಕಣ್ಣಿನ ಸುದ್ದಿ ಮಿದುಳಿಗೆ ಬಂದೂ 'ನನಗೆ ಕಂಡಿತು' ಎಂಬ ಅನುಭವ ಆಗದಿರಲು ಸಾಧ್ಯವೇ? ಸಾಧ್ಯ. ಸ್ವಿಟ್ಜರ್ಲೆಂಡಿನಲ್ಲಿ ಎರಡು ಸಲ ಸ್ಟ್ರೋಕ್ ಆಗಿ ಮಿದುಳಿನ ನೋಡುವ ಭಾಗ ಪೂರ್ತಿ ಹಾಳಾದ ಒಬ್ಬ ರೋಗಿ ಇದ್ದರು, ಅವರೂ ಡಾಕ್ಟರೇ. ಏನೂ ಕಾಣುವುದಿಲ್ಲ ಎನ್ನುತ್ತಿದ್ದರು. 2008ರಲ್ಲಿ ಅವರನ್ನು ಡಬ್ಬಿ, ಕುರ್ಚಿಗಳನ್ನು ಇಟ್ಟ ಒಂದು ಕಾರಿಡಾರಿನಲ್ಲಿ ನಡೆಸಿದರು. ಒಂದಕ್ಕೂ ತಾಗದೆ ನಡೆದರು. ಹೇಗೆ ನಡೆದೆ ಎಂದು ಅವರಿಗೇ ತಿಳಿಯಲಿಲ್ಲ. ಅವರದು ಮನಸ್ಸಿನ ಕಾಯಿಲೆ ಅಲ್ಲ, ಮಿದುಳಿಗೆ ನಿಜವಾದ ಪೆಟ್ಟು. ಆದರೆ ನನ್ನ ಕೋಣೆಯ ಸ್ಟೂಲಿನ ಬಗ್ಗೆ ಅದು ಒಂದು ಮಾತು ಹೇಳುತ್ತದೆ. ಅಡ್ಡ ಬಂದದ್ದನ್ನು ತಪ್ಪಿಸಿ ನಡೆಯುವುದು ಬೇರೆ, ಕಂಡೆ ಎಂದು ಅನಿಸುವುದು ಬೇರೆ. ಸಂಜೆ ಸಿ.ಎಸ್.ಎಂ.ಟಿ.ಯಿಂದ ಫಾಸ್ಟ್ ಲೋಕಲಿನಲ್ಲಿ ಕುಳಿತು ನಿದ್ದೆ ಮಾಡುವ ನಮ್ಮವರು ಸರಿಯಾಗಿ ಡೊಂಬಿವಲಿಯಲ್ಲೇ ಎದ್ದು ಇಳಿಯುತ್ತಾರೆ. ಠಾಣೆ ಬಂದದ್ದು ಯಾವಾಗ ಎಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ.

ಮನೆಯವರಿಗೆ ನಾನು ಹೀಗೆ ಹೇಳುತ್ತೇನೆ. ಹಳಿ ಸರಿಯಿದೆ, ಓವರ್‌ಹೆಡ್ ತಂತಿಯಲ್ಲಿ ಕರೆಂಟ್ ಇದೆ, ಮೋಟರ್‌ಮ್ಯಾನ್ ತನ್ನ ಜಾಗದಲ್ಲಿದ್ದಾನೆ. ಸಿಗ್ನಲ್ ಮಾತ್ರ ಕೆಂಪಿನಲ್ಲೇ ನಿಂತಿದೆ. ಗಾಡಿ ಹೊರಡದಿರುವುದು ನಿಜ. ಅದಕ್ಕೆ ಮೋಟರ್‌ಮ್ಯಾನನ್ನು ಬೈದು ಪ್ರಯೋಜನವಿಲ್ಲ, ಹಳಿ ಕಿತ್ತು ಹಾಕುವುದೂ ಬೇಡ.

ಹಿಸ್ಟೀರಿಯಾ ಎಂಬ ಹೆಸರನ್ನು ಅಮೆರಿಕದ ಮನೋವೈದ್ಯರ ಕೈಪಿಡಿ 1980ರಲ್ಲೇ ಕೈಬಿಟ್ಟಿತು. ಆಮೇಲೆ ಕನ್ವರ್ಷನ್ ಎಂದಾಯಿತು, ಈಗ ಫಂಕ್ಷನಲ್ ಎನ್ನುತ್ತಾರೆ. ಅಂದರೆ ಅಂಗ ಕೆಟ್ಟಿಲ್ಲ, ಕೆಲಸ ಕೆಟ್ಟಿದೆ. ಮನಸ್ಸು ದೇಹದ ಕೆಲಸ ಕೆಡಿಸುವುದು ನಮಗೆ ಹೃದಯದವರಿಗೆ ಹೊಸತಲ್ಲ. ದೊಡ್ಡ ಆಘಾತ ಆದವರ ಹೃದಯ ಬಲೂನಿನಂತೆ ಉಬ್ಬಿ, ಹಾರ್ಟ್ ಅಟ್ಯಾಕಿನ ಹಾಗೆಯೇ ಇ.ಸಿ.ಜಿ. ಬದಲಾಗಿ, ಆಂಜಿಯೋಗ್ರಫಿಯಲ್ಲಿ ಒಂದು ಬ್ಲಾಕೂ ಸಿಗದಿರುವ ಕಾಯಿಲೆ ಇದೆ, ಟಾಕೊಟ್ಸುಬೊ ಎಂದು ಹೆಸರು. 1990ರಲ್ಲಿ ಜಪಾನಿನ ವೈದ್ಯರು ಅದನ್ನು ವಿವರಿಸಿದರು. ಅದಕ್ಕೆ ಯಾರೂ ನಾಟಕ ಎನ್ನುವುದಿಲ್ಲ, ಎಕೋದಲ್ಲಿ ಕಾಣುತ್ತದಲ್ಲ! ಕಣ್ಣಿನ ವಿಷಯದಲ್ಲಿ ತೋರಿಸಲು ಚಿತ್ರ ಇಲ್ಲ, ಅದೇ ತೊಂದರೆ.

ಚಿತ್ರವಿಲ್ಲದೆ ಕಣ್ಣಿನ ಡಾಕ್ಟರಿಗೆ ಹೇಗೆ ಗೊತ್ತಾಗುತ್ತದೆ? ಅವರ ಹತ್ತಿರ ಕೆಲವು ಉಪಾಯಗಳಿವೆ. ಕಪ್ಪು ಬಿಳಿ ಪಟ್ಟೆಗಳ ಡ್ರಮ್ ತಿರುಗಿಸಿದರೆ ನೋಡುವ ಕಣ್ಣು ತಾನಾಗಿ ಅದರ ಹಿಂದೆ ಓಡುತ್ತದೆ, ತಡೆಯುವುದು ಬಹಳ ಕಷ್ಟ. ಮುಖದೆದುರು ದೊಡ್ಡ ಕನ್ನಡಿ ಅಲ್ಲಾಡಿಸಿದರೂ ಹಾಗೆಯೇ. ಎರಡು ತೋರುಬೆರಳ ತುದಿ ತಾಗಿಸು ಎಂದರೆ ಹುಟ್ಟುಕುರುಡರೂ ತಾಗಿಸುತ್ತಾರೆ, ಏಕೆಂದರೆ ಅದಕ್ಕೆ ಕಣ್ಣು ಬೇಡ. ಈ ರೋಗಿಗಳು ಎಷ್ಟೋ ಸಲ ತಪ್ಪುತ್ತಾರೆ. ಪಕ್ಕದ ನೋಟ ಹೋದವರಲ್ಲಿ ಇನ್ನೊಂದಿದೆ. ಕೊಳವೆಯಲ್ಲಿ ನೋಡಿದಷ್ಟೇ ಕಾಣುತ್ತದೆ ಎನ್ನುವವರನ್ನು ಎರಡು ಪಟ್ಟು ದೂರ ನಿಲ್ಲಿಸಿದರೆ ಕಾಣುವ ವೃತ್ತವೂ ದೊಡ್ಡದಾಗಬೇಕು, ಇದು ರೇಖಾಗಣಿತ. ಇವರಲ್ಲಿ ಅಷ್ಟೇ ಉಳಿಯುತ್ತದೆ. ದಯವಿಟ್ಟು ಇವನ್ನೆಲ್ಲ ಓದಿ ಮನೆಯಲ್ಲಿ ಪರೀಕ್ಷೆ ಮಾಡಲು ಹೋಗಬೇಡಿ. ಮುಖದ ಹತ್ತಿರ ಥಟ್ಟನೆ ಕೈ ಬೀಸುವುದು, ನೂರರ ನೋಟು ಕೆಳಗೆ ಹಾಕಿ ನೋಡುವುದು, ಇದನ್ನೆಲ್ಲ ನಮ್ಮ ಮಾವಂದಿರು ಬಹಳ ಉತ್ಸಾಹದಿಂದ ಮಾಡುತ್ತಾರೆ. ರೋಗಿಗೆ ಅದು ತನ್ನ ಮೇಲೆ ನಡೆಯುವ ವಿಚಾರಣೆ. ತನಗೆ ಕಾಣುವುದಿಲ್ಲ ಎಂದು ಸಾಬೀತು ಮಾಡಬೇಕಾದವಳು ಗುಣವಾಗುವುದು ಹೇಗೆ?

ಏಕೆ ಬರುತ್ತದೆ ಎಂದರೆ ಒಂದೇ ಉತ್ತರ ಇಲ್ಲ. ಕಾಂಬೋಡಿಯಾದಲ್ಲಿ 1975ರಿಂದ 1979ರವರೆಗೆ ಖ್ಮೇರ್ ರೂಜ್ ಆಡಳಿತದ ಹತ್ಯಾಕಾಂಡ ನಡೆಯಿತು. ಅಲ್ಲಿಂದ ತಪ್ಪಿಸಿಕೊಂಡು ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿಗೆ ವಲಸೆ ಬಂದವರಲ್ಲಿ ಸುಮಾರು 150 ಹೆಂಗಸರಿಗೆ ಕಣ್ಣು ಕಾಣದಾಗಿತ್ತು, ಇಲ್ಲವೇ ಬಹಳ ಮಂಜಾಗಿತ್ತು. ಕಣ್ಣಿನಲ್ಲಿ ದೋಷವಿರಲಿಲ್ಲ. 1980ರ ದಶಕದಲ್ಲಿ ಗ್ರೆಚೆನ್ ವ್ಯಾನ್ ಬೋಮೆಲ್ ಮತ್ತು ಪೆಟ್ರೀಷಿಯಾ ರೋಜೆ ಅವರನ್ನು ಅಧ್ಯಯನ ಮಾಡಿದರು. ಗಂಡ, ಮಕ್ಕಳು ಕೊಲೆಯಾಗುವುದನ್ನು ನೋಡಿದ ಕಣ್ಣುಗಳು ಅವು. ಇಷ್ಟು ಭಯಂಕರ ಕಾರಣ ಇದ್ದೇ ಇರುತ್ತದೆ ಎಂದೇನಿಲ್ಲ. ಮಕ್ಕಳಲ್ಲಿ ಎಷ್ಟೋ ಸಲ ಕಾರಣ ದೊಡ್ಡವರ ಕಣ್ಣಿಗೆ ಚಿಕ್ಕದು. ಶಾಲೆ ಬದಲಾಯಿತು, ಬೆಂಚಿನ ಗೆಳತಿ ಮಾತು ಬಿಟ್ಟಳು, ಮನೆಯಲ್ಲಿ ಜಗಳ, ಕ್ಲಾಸಿನಲ್ಲಿ ಅಂಕ. ಕೆಲವರಲ್ಲಿ ಹುಡುಕಿದರೂ ಏನೂ ಸಿಗುವುದಿಲ್ಲ. ಸಿಗಲೇಬೇಕೆಂದು ಮಗುವನ್ನು ಕೆದಕಬೇಡಿ.

ಈಗ ನನ್ನ ತಪ್ಪೊಂದನ್ನು ಹೇಳಬೇಕು. ಎಂ.ಡಿ. ಓದುತ್ತಿದ್ದ ಕಾಲ. ವಾರ್ಡಿಗೆ ಒಬ್ಬಳು ಹೆಂಗಸು ಬಂದಳು, ಕಲಬುರಗಿ ಕಡೆಯವಳು, ಮದುವೆಯಾಗಿ ಒಂದು ವರ್ಷ ಆಗಿತ್ತೋ ಇಲ್ಲವೋ. ಗಂಡ ಕಲ್ಯಾಣದ ಹತ್ತಿರ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಅವಳಿಗೆ ಮರಾಠಿ ಬಾರದು, ವಾರ್ಡಿನಲ್ಲಿ ಕನ್ನಡ ಬರುತ್ತಿದ್ದವನು ನಾನೊಬ್ಬನೇ. ಎರಡೂ ಕಣ್ಣು ಕಾಣುತ್ತಿರಲಿಲ್ಲ. ಎಲ್ಲಾ ಪರೀಕ್ಷೆ ನಾರ್ಮಲ್ ಬಂತು. ಅವಳ ಗಂಡನನ್ನು ಕಾರಿಡಾರಿಗೆ ಕರೆದು ಕನ್ನಡದಲ್ಲೇ ಹೇಳಿದೆ, "ಕಣ್ಣಿಗೆ ಏನೂ ಆಗಿಲ್ಲ. ಮನಸ್ಸಿಂದು ಅಷ್ಟೆ." ಸಮಾಧಾನ ಹೇಳಿದೆ ಎಂದುಕೊಂಡಿದ್ದೆ. ಅವನಿಗೆ ಕೇಳಿಸಿದ್ದು 'ಸುಳ್ಳು ಹೇಳುತ್ತಿದ್ದಾಳೆ' ಎಂದು. ಮರುದಿನ ಸಹಿ ಹಾಕಿ ಕರೆದುಕೊಂಡು ಹೋದ. ಒಂದು ತಿಂಗಳ ನಂತರ ಅವಳು ಓ.ಪಿ.ಡಿ.ಗೆ ಮತ್ತೆ ಬಂದಳು. ಕಣ್ಣು ಹಾಗೆಯೇ ಇತ್ತು. ಕೆನ್ನೆಯ ಮೇಲೆ ನೀಲಿ ಗುರುತಿತ್ತು. ಸಾಲಿನಲ್ಲಿ ಎಂಬತ್ತು ಜನ ಇದ್ದರು. ನಾನು ಏನನ್ನೂ ಕೇಳದೆ ಕಣ್ಣಿನ ವಿಭಾಗಕ್ಕೆ ಚೀಟಿ ಬರೆದು ಕಳಿಸಿದೆ. ಆಮೇಲೆ ಅವಳು ಬರಲಿಲ್ಲ.

ಡೊಂಬಿವಲಿಯ ಹುಡುಗಿಯ ತಂದೆ ನನ್ನ ಕೈ ಹಿಡಿದಾಗ ನೆನಪಾದದ್ದು ಆ ಗುರುತು. ಹಾಗಾಗಿ ಅವರನ್ನು ಕೂರಿಸಿ, ನಂತರದ ಇಬ್ಬರು ರೋಗಿಗಳನ್ನು ಕಾಯಿಸಿ, ಮಾತನಾಡಿದೆ. ಮಗಳಿಗೆ ಕಣ್ಣು ಹೋಗಿಲ್ಲ, ಇದು ಒಳ್ಳೆಯ ಸುದ್ದಿ. ಅವಳು ಸುಳ್ಳು ಹೇಳುತ್ತಿಲ್ಲ, ಇದೂ ಒಳ್ಳೆಯ ಸುದ್ದಿ. ಎರಡನ್ನೂ ಅವಳ ಎದುರಿಗೇ ಹೇಳೋಣ ಎಂದೆ. ಹೇಳಿದೆವು. "ನಿನ್ನ ಕಣ್ಣು, ನರ, ಮಿದುಳು ಗಟ್ಟಿಯಾಗಿವೆ. ನೋಡುವ ಕೆಲಸ ಸ್ವಲ್ಪ ನಿಂತಿದೆ. ಇಂಥದ್ದು ಬಹಳ ಮಕ್ಕಳಿಗೆ ಆಗುತ್ತದೆ, ಹೆಚ್ಚಿನವರಿಗೆ ಮರಳಿ ಬರುತ್ತದೆ, ಮೆಲ್ಲಗೆ ಬರುತ್ತದೆ." ಮೆಲ್ಲಗೆ ಎಂಬ ಮಾತನ್ನು ಬೇಕೆಂದೇ ಹೇಳಿದೆ. ಮಾನ ಉಳಿಸಿಕೊಂಡು ಹಿಂದೆ ಬರಲು ಅವಳಿಗೊಂದು ದಾರಿ ಬೇಕು. ಇಂದು ಕುರುಡು, ನಾಳೆ ಪೂರ್ತಿ ನೋಟ ಎಂದರೆ ಇಡೀ ಬಿಲ್ಡಿಂಗು ನಗುತ್ತದೆ ಎಂದು ಹದಿನಾಲ್ಕರ ಹುಡುಗಿಗೆ ಚೆನ್ನಾಗಿ ಗೊತ್ತು.

ಮುಂದಿನದು ನನ್ನ ಕೆಲಸವಲ್ಲ, ಕಣ್ಣಿನ ಡಾಕ್ಟರು ಮತ್ತು ಮನಃಶಾಸ್ತ್ರಜ್ಞೆ ಸೇರಿ ಮಾಡಿದರು. ಆದರೆ ಅದರಲ್ಲಿ ಬ್ರೇಡಿಯವರ ಗುಂಡಿ, ಬಲ್ಬಿನ ತತ್ವವೇ ಇತ್ತು. ಮನೆಯಲ್ಲಿ ಅದುವರೆಗೆ ಏನು ನಡೆಯುತ್ತಿತ್ತು ನೋಡಿ. ಕಾಣುವುದಿಲ್ಲ ಎಂದಾಗ ಅಮ್ಮ ಓಡಿಬರುತ್ತಾಳೆ, ಊಟ ಬಾಯಿಗೆ, ಶಾಲೆ ಇಲ್ಲ, ಊರಿನಿಂದ ಫೋನು, ಪಕ್ಕದ ಮನೆಯವರ ಭೇಟಿ, ಅಪ್ಪ ಹೋಟೆಲಿಗೆ ರಜೆ ಹಾಕುತ್ತಾರೆ. ಏನಾದರೂ ಸ್ವಲ್ಪ ಕಂಡ ಹಾಗಾದರೆ? 'ನೋಡಿದ್ರಾ, ನಾಟಕ!' ಕಾಣದಿರುವುದಕ್ಕೆ ಪ್ರತಿಫಲ, ಕಂಡದ್ದಕ್ಕೆ ಶಿಕ್ಷೆ. ಯಾರೂ ಬೇಕೆಂದು ಮಾಡಿದ್ದಲ್ಲ, ಪ್ರೀತಿಯಿಂದಲೇ ಮಾಡಿದ್ದು. ಇದನ್ನು ತಿರುಗಿಸಬೇಕಿತ್ತು.

ತಾಯಿಗೆ ಒಂದು ನೋಟ್‌ಬುಕ್ ಕೊಟ್ಟರು. ಅದರಲ್ಲಿ ದಿನವೂ ಅವಳಿಗೆ ಏನು ಕಂಡಿತು ಎಂದು ಮಾತ್ರ ಬರೆಯಬೇಕು, ಕಾಣದ್ದನ್ನು ಬರೆಯುವಂತಿಲ್ಲ. ಕಿಟಕಿಯ ಬೆಳಕು, ಬಾಲ್ಕನಿಯ ತುಳಸಿಯ ಹಸಿರು, ಗೋಡೆಗಡಿಯಾರದ ದೊಡ್ಡ ಮುಳ್ಳು. "ಈಗ ಕಾಣ್ತದಾ? ಈಗ?" ಎಂದು ಕೇಳುವುದು ನಿಂತಿತು. ಬಾಯಿಗೆ ತುತ್ತು ನಿಂತಿತು, ತಟ್ಟೆ ಎದುರಿಗಿಟ್ಟು ಎಲ್ಲರ ಜೊತೆ ಊಟ. ಎರಡು ಗಂಟೆಗಾದರೂ ಶಾಲೆಗೆ ಹೋಗಬೇಕು, ಪಾಠ ಕೇಳಿದರೆ ಸಾಕು, ಟೀಚರಿಗೆ ಮೊದಲೇ ಹೇಳಿತ್ತು. ಕಂಡಾಗ ಅಪ್ಪ ಅವಳ ಜೊತೆ ಕೂತು ಕೇರಂ ಆಡುತ್ತಾರೆ. ಕಾಣದಾಗ ಬೈಗುಳವಿಲ್ಲ, ಗಲಾಟೆಯಿಲ್ಲ, "ಸರಿ, ನಾಳೆ ನೋಡುವ" ಅಷ್ಟೇ. ಅಜ್ಜಿಗೆ ಹರಕೆ ಹೊತ್ತುಕೊಳ್ಳಿ ಎಂದೆವು, ದರ್ಶನಕ್ಕೆ ರಜೆಯಲ್ಲಿ ಎಲ್ಲರೂ ಬರುತ್ತೇವೆ ಎಂದೆವು. ನಂಬಿಕೆಯ ಜೊತೆ ನನಗೆ ಜಗಳವಿಲ್ಲ. ಜನ ಸೇರಿಸಿ, ಮಗುವನ್ನು ನಡುವೆ ಕೂರಿಸಿ, ಮೈಮೇಲೆ ಬಂದಿದೆ ಎಂದು ಹೊಡೆಯುವುದರ ಜೊತೆ ಜಗಳವಿದೆ.

ಮನಃಶಾಸ್ತ್ರಜ್ಞೆ ವಾರಕ್ಕೆರಡು ಸಲ ಅವಳೊಬ್ಬಳ ಜೊತೆ ಮಾತಾಡಿದರು. ಕಾರಣ ಇದೇ ಎಂದು ಬೆರಳು ಮಾಡಿ ತೋರಿಸಲು ಆಗುವಂಥದ್ದು ಸಿಗಲಿಲ್ಲ. ಡೊಂಬಿವಲಿಯ ರೂಮು ಮಾರಿ ಅವಳನ್ನೂ ತಾಯಿಯನ್ನೂ ಊರಿಗೆ ಕಳಿಸುವ ಮಾತು ಮನೆಯಲ್ಲಿ ನಡೆಯುತ್ತಿತ್ತು. ರಾತ್ರಿ ಅವಳು ಮಲಗಿದ ಮೇಲೆ ನಡೆಯುತ್ತಿತ್ತು. ಒಂದೇ ಕೋಣೆಯ ಮನೆಯಲ್ಲಿ ಮಲಗಿದ ಮಗುವಿಗೆ ಎಲ್ಲಾ ಕೇಳುತ್ತದೆ.

ನಿಮ್ಮ ಮನೆಯಲ್ಲಿ ಇಂಥದ್ದು ಆದರೆ ಮೊದಲ ಬಾಗಿಲು ಕಣ್ಣಿನ ಡಾಕ್ಟರು, ಜೊತೆಗೆ ನರರೋಗ ತಜ್ಞರು. ದೈಹಿಕ ಕಾರಣ ಇಲ್ಲ ಎಂದು ಅವರು ಹೇಳಿದ ಮೇಲೆ, 'ಏನೂ ಇಲ್ಲ' ಎಂದು ಮನೆಗೆ ಬರಬೇಡಿ, ಮುಂದೆ ಯಾರನ್ನು ನೋಡಬೇಕು ಎಂದು ಅವರನ್ನೇ ಕೇಳಿ. ಠಾಣೆಯಲ್ಲಿ 1901ರಿಂದ ಇರುವ ಸರ್ಕಾರಿ ಪ್ರಾದೇಶಿಕ ಮಾನಸಿಕ ಆಸ್ಪತ್ರೆಯ ಹೆಸರು ಕೇಳಿದರೆ ನಮ್ಮವರು ಮುಖ ತಿರುಗಿಸುತ್ತಾರೆ, ಅಲ್ಲಿ ಹೊರರೋಗಿ ವಿಭಾಗವೂ ಇದೆ, ಹೋದವರನ್ನೆಲ್ಲ ಒಳಗೆ ಹಾಕುವುದಿಲ್ಲ. ನವಿ ಮುಂಬೈಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಕಣ್ಣು, ನರ, ಮನಸ್ಸು ಮೂರೂ ವಿಭಾಗ ಒಂದೇ ಕಡೆ ಸಿಗುತ್ತವೆ. ಊರಿಗೆ ಹೋಗುವುದೇ ಆದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಮರಾಠಿಯಲ್ಲಿ ಮನಸ್ಸಿನ ಮಾತು ಹೇಳಲು ಬಾರದವರಿಗೆ 14416 ನಂಬರ್ ಇದೆ, ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ್ದು. ದಿನದ 24 ಗಂಟೆಯೂ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮಾತು ನಮ್ಮ ಭಾಷೆಯಲ್ಲಿ ಆಗಬೇಕು ಎಂಬುದನ್ನು ಹಗುರವಾಗಿ ನೋಡಬೇಡಿ.

ಹುಡುಗಿಗೆ ಎರಡನೇ ವಾರದಲ್ಲಿ ಬಣ್ಣಗಳು ಕಂಡವು, ಮೂರನೇ ವಾರದ ಕೊನೆಗೆ ಪುಸ್ತಕದ ಅಕ್ಷರ. ಯೂನಿಟ್ ಟೆಸ್ಟಿನ ಹಿಂದಿನ ದಿನ ಮತ್ತೆ ಮಂಜಾಯಿತು ಎಂದು ತಾಯಿ ಗಾಬರಿಯಿಂದ ಫೋನ್ ಮಾಡಿದರು. ಹಾಗಾಗಬಹುದು ಎಂದು ಮೊದಲೇ ಹೇಳಿದ್ದರಿಂದ ಮನೆಯಲ್ಲಿ ಯಾರೂ ಕೂಗಾಡಲಿಲ್ಲ, ಎರಡು ದಿನದಲ್ಲಿ ಹೋಯಿತು. ರೂಮು ಮಾರುವುದೋ ಬೇಡವೋ ಎಂದು ಈಗ ಮೂವರೂ ಕೂತು ಮಾತಾಡುತ್ತಾರಂತೆ, ತೀರ್ಮಾನ ಇನ್ನೂ ಆಗಿಲ್ಲ.

ಕಳೆದ ತಿಂಗಳು ತಂದೆ ಒಬ್ಬರೇ ಬಂದರು. ಮಗಳ ನೋಟ್‌ಬುಕ್ ತೋರಿಸಲು ಬಂದೆ ಎಂದರು. ಕೊನೆಯ ಕೆಲವು ಪುಟಗಳನ್ನು ಅವಳೇ ಬರೆದಿದ್ದಳು, ದುಂಡಗಿನ ಅಕ್ಷರ. ಹೊರಡುವಾಗ ಬಾಗಿಲ ಹತ್ತಿರ ನಿಂತು, ತನಗೆ ಮೂರು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ, ರಾತ್ರಿ ಎದೆ ಹೊಡೆದುಕೊಳ್ಳುತ್ತದೆ ಎಂದರು. ಆ ಸ್ಟೂಲಿನ ಮೇಲೆಯೇ ಕೂರಿಸಿ ಬಿ.ಪಿ. ನೋಡಿದೆ, 160/100.